ಕೊಳ್ಳುವ ಸೇರು, ಕೊಡುವ ಸೇರು

ಉತ್ತರ ಚೆನ್ನೈಯ ಪೆರಂಬೂರು ವಿಧಾನಸಭಾ ಕ್ಷೇತ್ರಕ್ಕೆ 2017ರ ಸೆಪ್ಟೆಂಬರ್ 18ರಿಂದ 2019ರ ಮೇ 23ರವರೆಗೆ ಶಾಸಕರೇ ಇರಲಿಲ್ಲ. ರೈಲ್ವೆ ಕೋಚ್ ಕಾರ್ಖಾನೆಯ ದುಡಿಮೆಯಿಂದ ಬೆಳೆದ, ಬಿನ್ನಿ ಕಂಪನಿಯ ಗಿರಣಿ ಮುಚ್ಚಿದಾಗ ನಲುಗಿದ, ಬೆಂಗಳೂರಿನ ದಾರಿ ಹಿಡಿದ ಎಷ್ಟೋ ರೈಲುಗಳು ಸೆಂಟ್ರಲ್ ನಿಲ್ದಾಣವನ್ನು ಬಿಟ್ಟೊಡನೆ ಒಂದು ಕ್ಷಣ ನಿಂತು ಹೋಗುವ ಈ ಊರಿನ ಜನ ಇಪ್ಪತ್ತು ತಿಂಗಳ ಕಾಲ ಸದನದಲ್ಲಿ ಧ್ವನಿಯಿಲ್ಲದೆ ಕಳೆದರು. ಅವರು ಮಾಡಿದ ತಪ್ಪೇನೂ ಇರಲಿಲ್ಲ. 2016ರಲ್ಲಿ ಅಣ್ಣಾಡಿಎಂಕೆಯ ಪಿ. ವೆಟ್ರಿವೇಲ್ ಅವರನ್ನು ಅತ್ಯಲ್ಪ ಅಂತರದಿಂದ ಆರಿಸಿ ಕಳುಹಿಸಿದ್ದರು, ಅಷ್ಟೆ.

ಆದದ್ದು ಇಷ್ಟು. ಜಯಲಲಿತಾ ನಿಧನರಾದ ಬಳಿಕ ಪಕ್ಷ ಒಡೆಯಿತು. 2017ರ ಫೆಬ್ರವರಿ 18ರಂದು ಎಡಪ್ಪಾಡಿ ಪಳನಿಸ್ವಾಮಿ ವಿಶ್ವಾಸಮತ ಯಾಚಿಸಿದಾಗ ಓ. ಪನ್ನೀರಸೆಲ್ವಂ ಸಹಿತ ಹನ್ನೊಂದು ಶಾಸಕರು ಸರಕಾರದ ವಿರುದ್ಧ ಮತ ಹಾಕಿದರು. ಆರು ತಿಂಗಳ ನಂತರ, ಪನ್ನೀರಸೆಲ್ವಂ ಬಣ ಮರಳಿ ಸೇರಿ ಅವರೇ ಉಪಮುಖ್ಯಮಂತ್ರಿಯಾದ ಮೇಲೆ, ಟಿ.ಟಿ.ವಿ. ದಿನಕರನ್ ಬಣದ ಶಾಸಕರು ರಾಜ್ಯಪಾಲರನ್ನು ಕಂಡು, ಮುಖ್ಯಮಂತ್ರಿಯಲ್ಲಿ ತಮಗೆ ವಿಶ್ವಾಸವಿಲ್ಲವೆಂದು ಪತ್ರ ಕೊಟ್ಟರು. ಸ್ಪೀಕರ್ ಪಿ. ಧನಪಾಲ್ ಅವರು ಪತ್ರ ಕೊಟ್ಟವರ ಪೈಕಿ ಹದಿನೆಂಟು ಮಂದಿಯನ್ನು ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿಯನ್ವಯ ಅನರ್ಹಗೊಳಿಸಿದರು. ವೆಟ್ರಿವೇಲ್ ಅವರಲ್ಲೊಬ್ಬರು. ಸದನದೊಳಗೆ ಎದ್ದು ನಿಂತು ಸರಕಾರವನ್ನು ಉರುಳಿಸಲು ಮತ ಹಾಕಿದ ಹನ್ನೊಂದು ಮಂದಿಗೆ ಏನೂ ಆಗಲಿಲ್ಲ. ಅವರ ಮೇಲಿನ ದೂರು ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು, 2020ರ ಫೆಬ್ರವರಿಯಲ್ಲಿ ಮರಳಿ ಸ್ಪೀಕರ್ ಅವರ ಮೇಜಿಗೇ ಬಂತು; ವಿಧಾನಸಭೆಯ ಅವಧಿ ಮುಗಿಯುವವರೆಗೂ ಹನ್ನೊಂದು ಮಂದಿಯಲ್ಲಿ ಯಾರೊಬ್ಬರೂ ಅನರ್ಹರಾಗಲಿಲ್ಲ. ಹದಿನೆಂಟು ಮಂದಿಯ ಅನರ್ಹತೆಯನ್ನು ಮದ್ರಾಸ್ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನವಾಗಿ ತೀರ್ಮಾನಿಸಿ, ಮೂರನೆಯ ನ್ಯಾಯಮೂರ್ತಿ 2018ರ ಅಕ್ಟೋಬರ್ 25ರಂದು ಎತ್ತಿಹಿಡಿದರು. ಪತ್ರ ಕೊಟ್ಟವನು ಹೊರಗೆ, ಮತ ಹಾಕಿದವನು ಉಪಮುಖ್ಯಮಂತ್ರಿ.

ಈ ಘಟನಾವಳಿಯಲ್ಲಿ ಕಾನೂನಿನ ಸೂಕ್ಷ್ಮಗಳು ಬಹಳವಿವೆ, ಅವು ವಕೀಲರಿಗಿರಲಿ. ಇಲ್ಲಿ ಗಮನಿಸಬೇಕಾದದ್ದು ಅನುಯಾಯಿಗಳ ದೃಷ್ಟಿಯನ್ನು. ಆಳುವ ಬಣದವರ ಕಣ್ಣಿಗೆ ಹದಿನೆಂಟು ಮಂದಿ ದ್ರೋಹಿಗಳು, ಹನ್ನೊಂದು ಮಂದಿ ತಪ್ಪು ತಿದ್ದಿಕೊಂಡು ಮನೆಗೆ ಮರಳಿದ ಸೋದರರು. ದಿನಕರನ್ ಬಣದವರ ಕಣ್ಣಿಗೆ ಹನ್ನೊಂದು ಮಂದಿ ದ್ರೋಹಿಗಳು, ಹದಿನೆಂಟು ಮಂದಿ ಹುತಾತ್ಮರು. ಡಿಎಂಕೆಯವರಿಗೆ ಹನ್ನೊಂದು ಮಂದಿಯ ವಿಷಯದಲ್ಲಿ ಪಕ್ಷಾಂತರ ನಿಷೇಧವು ಪ್ರಜಾಪ್ರಭುತ್ವದ ಕಾವಲು. ಹದಿನೆಂಟು ಮಂದಿಯ ವಿಷಯದಲ್ಲಿ ಅದೇ ಕಾನೂನು ಪ್ರಜಾಪ್ರಭುತ್ವದ ಕೊಲೆ. ಒಂದೇ ಅನುಸೂಚಿ, ಒಬ್ಬರೇ ಸ್ಪೀಕರ್, ಒಂದೇ ವರ್ಷ. ಮೂರು ಗುಂಪುಗಳಲ್ಲಿ ಯಾವುದೂ ಎರಡೂ ಪ್ರಕರಣಗಳನ್ನು ಒಂದೇ ಕೋಲಿನಿಂದ ಅಳೆಯಲಿಲ್ಲ.

ಜೈನ ಮನೆತನಗಳಲ್ಲಿ ಅಂಗಡಿಯ ಗಲ್ಲೆಯ ಮುಂದೆ ಕೂತವರಿಗೆ ಇದಕ್ಕೊಂದು ಹೆಸರು ಗೊತ್ತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯ ವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು: ಕೊಳ್ಳುವಾಗ ದೊಡ್ಡ ಸೇರು, ಕೊಡುವಾಗ ಚಿಕ್ಕ ಸೇರು. ಬೀಗ ಮುರಿದು ನುಗ್ಗಿದರೆ ಮಾತ್ರ ಕಳವಲ್ಲ. ಎರಡು ಸೇರುಗಳನ್ನು ಇಟ್ಟುಕೊಂಡರೂ ಅದು ಕಳವಿನ ದಾರಿಯೇ ಎಂದು ಗ್ರಹಿಸಿದ ಪರಂಪರೆ ಇದು. ಅದೇ ಪರಂಪರೆಯ ಮಕ್ಕಳು ಅಂಗಡಿಯಲ್ಲಿ ತಕ್ಕಡಿಯನ್ನು ನೆಟ್ಟಗೆ ಹಿಡಿದು, ಚುನಾವಣೆಯ ಹೊತ್ತಿಗೆ ಮಾತ್ರ ಎರಡು ಸೇರುಗಳನ್ನು ಮೇಜಿನ ಮೇಲಿಡುವುದು ಹೇಗೆ ಸಾಧ್ಯವಾಯಿತು? ನೆಂಟರಿಷ್ಟರ ವಾಟ್ಸ್ಆ್ಯಪ್ ಬಳಗಗಳಲ್ಲಿ ಬೆಳಗಿನ ಜಿನವಂದನೆಯ ಚಿತ್ರದ ಬೆನ್ನಿಗೇ ಬರುವ ರಾಜಕೀಯ ಸಂದೇಶಗಳನ್ನು ಒಂದು ವಾರ ಓದಿದವರಿಗೆ ಈ ಪ್ರಶ್ನೆ ಹೊಸದೆನಿಸದು.

ಪೆರಂಬೂರಿಗೆ ತಾಗಿಕೊಂಡೇ ರಾಧಾಕೃಷ್ಣನ್ ನಗರ ಕ್ಷೇತ್ರವಿದೆ. ವೆಟ್ರಿವೇಲ್ ಮೊದಲು ಅಲ್ಲಿನ ಶಾಸಕರಾಗಿದ್ದವರು. 2015ರಲ್ಲಿ ಜಯಲಲಿತಾ ಅವರಿಗಾಗಿ ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿ, ಮರುವರ್ಷ ಪೆರಂಬೂರಿಗೆ ಬಂದರು. ಜಯಲಲಿತಾ ನಿಧನದಿಂದ ತೆರವಾದ ಆ ಕ್ಷೇತ್ರಕ್ಕೆ 2017ರ ಏಪ್ರಿಲ್ 12ರಂದು ಉಪಚುನಾವಣೆ ನಡೆಯಬೇಕಿತ್ತು. ಏಪ್ರಿಲ್ 7ರಂದು ಆದಾಯ ತೆರಿಗೆ ಅಧಿಕಾರಿಗಳು ಆಗಿನ ಆರೋಗ್ಯ ಸಚಿವರ ಮನೆಯನ್ನು ಶೋಧಿಸಿದಾಗ, ಮತದಾರರಿಗೆ ಹಂಚಲು ಯಾರ ಕೈಗೆ ಎಷ್ಟು ಎಂದು ಬರೆದ ಹಾಳೆಗಳು ಸಿಕ್ಕವು. ಒಟ್ಟು ಮೊತ್ತ ಸುಮಾರು 89 ಕೋಟಿ ರೂಪಾಯಿ. ಚುನಾವಣಾ ಆಯೋಗ ಮತದಾನವನ್ನೇ ರದ್ದು ಮಾಡಿತು. ಆಗ ದಿನಕರನ್ ಪರವಾಗಿ ಸಚಿವರು ಬೀದಿ ಬೀದಿ ತಿರುಗುತ್ತಿದ್ದರು. ಪನ್ನೀರಸೆಲ್ವಂ ಬಣದ ಅಭ್ಯರ್ಥಿ ಇ. ಮಧುಸೂದನನ್ ಆ ಹಣದ ಹೊಳೆಯ ಎದುರು ನಿಂತ ಪ್ರಾಮಾಣಿಕರೆಂದು ಅವರ ಕಡೆಯವರು ಸಾರುತ್ತಿದ್ದರು.

ಡಿಸೆಂಬರಿನಲ್ಲಿ ಮತ್ತೆ ಚುನಾವಣೆ ಬಂತು. ಅಷ್ಟರಲ್ಲಿ ಪಳನಿಸ್ವಾಮಿ, ಪನ್ನೀರಸೆಲ್ವಂ ಒಂದಾಗಿದ್ದರು, ದಿನಕರನ್ ಹೊರಗಿದ್ದರು. ಮಧುಸೂದನನ್ ಅವರೇ ಮತ್ತೆ ಅಭ್ಯರ್ಥಿ, ಆದರೆ ಈಗ ಎರಡೆಲೆ ಚಿಹ್ನೆಯಡಿ, ಏಪ್ರಿಲಿನಲ್ಲಿ ಎದುರಾಳಿಯ ಪರ ತಿರುಗಿದ್ದ ಅದೇ ಸಚಿವರ ಬೆಂಬಲದೊಂದಿಗೆ. ಏಪ್ರಿಲಿನ ಹಾಳೆಗಳಲ್ಲಿ ಹೆಸರು ಕಾಣಿಸಿಕೊಂಡವರು ಡಿಸೆಂಬರಿನಲ್ಲಿ ಪ್ರಾಮಾಣಿಕರ ಪಂಕ್ತಿಯಲ್ಲಿ ಕೂತರು; ಏಪ್ರಿಲಿನಲ್ಲಿ ಹಣದ ಹೊಳೆಯನ್ನು ಖಂಡಿಸಿದವರು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಮತದಾನದ ಹಿಂದಿನ ದಿನ, ಡಿಸೆಂಬರ್ 20ರಂದು, ಪೆರಂಬೂರಿನ ಅನರ್ಹ ಶಾಸಕ ವೆಟ್ರಿವೇಲ್ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತ ಜಯಲಲಿತಾ ಅವರ ಒಂದು ವೀಡಿಯೊ ತುಣುಕನ್ನು ಮಾಧ್ಯಮಗಳಿಗೆ ಬಿಡುಗಡೆ ಮಾಡಿದರು. ಪ್ರಚಾರ ಮುಗಿದ ಮೌನದ ಅವಧಿ ಅದು. ಆಯೋಗ ಪ್ರಸಾರವನ್ನು ತಡೆದು, ಅವರ ಮೇಲೆ ಪ್ರಕರಣ ದಾಖಲಿಸಲು ಸೂಚಿಸಿತು. ಅವರ ಬೆಂಬಲಿಗರಿಗೆ ಮಾತ್ರ ಅದು ನೀತಿಸಂಹಿತೆಯ ಭಂಗವಲ್ಲ, ಸತ್ಯದ ಅನಾವರಣ. ಇಪ್ಪತ್ತು ರೂಪಾಯಿಯ ನೋಟನ್ನು ಟೋಕನ್ ಆಗಿ ಕೊಟ್ಟು ನಂತರ ಹಣ ಕೊಡುವ ಭರವಸೆ ನೀಡಿದ್ದರೆಂಬ ಆರೋಪದ ನಡುವೆ ದಿನಕರನ್ 40,707 ಮತಗಳ ಅಂತರದಿಂದ ಗೆದ್ದರು. ಸೋತ ಆಳುವ ಪಕ್ಷದವರು ಹಣದ ಬಲವನ್ನು ದೂರಿದರು. ಅವರಿಗೆ ಹಣದ ಬಲ ಏನೆಂಬುದು ಚೆನ್ನಾಗಿ ತಿಳಿದಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಡಿಎಂಕೆ ಇದರಿಂದ ಹೊರತೆಂದು ಭಾವಿಸುವವರು 2009ರ ತಿರುಮಂಗಲಂ ಉಪಚುನಾವಣೆಯನ್ನು ನೆನೆಯಲಿ. ಮತಕ್ಕೆ ಹಣ ಹಂಚುವ ಕ್ರಮಬದ್ಧ ವಿಧಾನಕ್ಕೆ ತಮಿಳುನಾಡಿನ ರಾಜಕೀಯ ಶಬ್ದಕೋಶದಲ್ಲಿ ತಿರುಮಂಗಲಂ ಸೂತ್ರ ಎಂಬ ಹೆಸರೇ ನಿಂತುಹೋಯಿತು. ಆಗ ಆಡಳಿತದಲ್ಲಿದ್ದದ್ದು ಡಿಎಂಕೆ. 2016ರಲ್ಲಿ ಅರವಕುರಿಚಿ, ತಂಜಾವೂರು ಕ್ಷೇತ್ರಗಳ ಚುನಾವಣೆ ರದ್ದಾದಾಗ ದೂರುಗಳು ಎರಡೂ ಪಕ್ಷಗಳ ಮೇಲಿದ್ದವು. 2019ರ ಏಪ್ರಿಲ್ 18ರಂದು ಪೆರಂಬೂರು ಕಡೆಗೂ ತನ್ನ ಉಪಚುನಾವಣೆಯ ಮತ ಹಾಕಿತು, ಡಿಎಂಕೆಯ ಆರ್.ಡಿ. ಶೇಖರ್ ಗೆದ್ದರು. ಅದೇ ದಿನ ಮತ ಹಾಕಬೇಕಿದ್ದ ವೆಲ್ಲೂರು ಲೋಕಸಭಾ ಕ್ಷೇತ್ರದ ಜನ ಹಾಕಲಾಗಲಿಲ್ಲ: ಡಿಎಂಕೆ ಅಭ್ಯರ್ಥಿಗೆ ನಿಕಟರಾದವರ ಬಳಿ ಸುಮಾರು 11 ಕೋಟಿ ರೂಪಾಯಿ ಪತ್ತೆಯಾಗಿ, ಎರಡು ದಿನ ಮೊದಲು ಚುನಾವಣೆ ರದ್ದಾಗಿತ್ತು. ರಾಧಾಕೃಷ್ಣನ್ ನಗರದ ರದ್ದತಿಯನ್ನು ಆಯೋಗದ ದಿಟ್ಟತನವೆಂದು ಹೊಗಳಿದ್ದ ನಾಲಗೆಗಳೇ ವೆಲ್ಲೂರಿನದನ್ನು ಕೇಂದ್ರ ಸರಕಾರದ ಸೇಡೆಂದು ಕರೆದವು.

ಅರವಕುರಿಚಿಯ ಕಥೆ ಮುಂದೆಯೂ ಇದೆ. ಮುಂದೂಡಿದ ಚುನಾವಣೆಯಲ್ಲಿ ಅಲ್ಲಿಂದ ಅಣ್ಣಾಡಿಎಂಕೆಯ ಪರವಾಗಿ ಗೆದ್ದವರು ವಿ. ಸೆಂಥಿಲ್ ಬಾಲಾಜಿ. ವೆಟ್ರಿವೇಲ್ ಜತೆ ಅನರ್ಹರಾದ ಹದಿನೆಂಟು ಮಂದಿಯಲ್ಲಿ ಅವರೂ ಇದ್ದರು. 2018ರ ಕೊನೆಯಲ್ಲಿ ಡಿಎಂಕೆ ಸೇರಿ, 2019ರಲ್ಲಿ ಅದೇ ಕ್ಷೇತ್ರದಿಂದ ಡಿಎಂಕೆ ಶಾಸಕರಾದರು, 2021ರಲ್ಲಿ ಸಚಿವರಾದರು. ಅವರು ಅಣ್ಣಾಡಿಎಂಕೆಯ ಸಾರಿಗೆ ಸಚಿವರಾಗಿದ್ದ ಕಾಲದಲ್ಲಿ ಅವರ ಮೇಲೆ ಭ್ರಷ್ಟಾಚಾರದ ಆರೋಪ ಹೊರಿಸಿ ವೇದಿಕೆಗಳಲ್ಲಿ ಗುಡುಗಿದ್ದು ಡಿಎಂಕೆ ನಾಯಕತ್ವವೇ. ಆ ಕಾಲದ ಉದ್ಯೋಗಕ್ಕಾಗಿ ಹಣ ಪಡೆದ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ 2023ರ ಜೂನಿನಲ್ಲಿ ಅವರನ್ನು ಬಂಧಿಸಿದಾಗ ಡಿಎಂಕೆಗೆ ಅದು ಸೇಡಿನ ರಾಜಕಾರಣವಾಗಿ ಕಂಡಿತು. ಒಂದು ಕಾಲದಲ್ಲಿ ಅವರನ್ನು ತಮ್ಮವರೆಂದು ಕಾಪಾಡಿದ್ದ ಅಣ್ಣಾಡಿಎಂಕೆಗೆ ಭ್ರಷ್ಟಾಚಾರದ ಪರಮ ನಿದರ್ಶನವಾಗಿ ಕಂಡಿತು. ಜಾರಿ ನಿರ್ದೇಶನಾಲಯ ವಿರೋಧಿಗಳ ಬೆನ್ನನ್ನೇ ಹುಡುಕಿ ಹೊಡೆಯುತ್ತದೆಂಬ ದೂರು ಹುಸಿಯೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಆರೋಪಿ ಬದಲಾಗಲಿಲ್ಲ, ಆರೋಪವೂ ಬದಲಾಗಲಿಲ್ಲ. ಬದಲಾದದ್ದು ಹೆಗಲ ಮೇಲಿನ ಶಾಲಿನ ಅಂಚು.

ತಮಿಳುನಾಡಿನ ಕನ್ನಡಿಗರು ಇದನ್ನೆಲ್ಲ ಓದಿ, ತವರು ರಾಜ್ಯದ ರಾಜಕಾರಣ ಇಷ್ಟು ಕೆಟ್ಟಿಲ್ಲವೆಂದು ಸಮಾಧಾನ ಪಡುವುದುಂಟು. ಆ ಸಮಾಧಾನಕ್ಕೆ ಬೆಂಗಳೂರಿನ ರಾಜರಾಜೇಶ್ವರಿ ನಗರ ಅವಕಾಶ ಕೊಡುವುದಿಲ್ಲ. 2018ರ ಮೇ 8ರಂದು ಜಾಲಹಳ್ಳಿಯ ಒಂದು ವಸತಿ ಸಂಕೀರ್ಣದ ಮನೆಯಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕವು. ಬಿಜೆಪಿ ಕಾಂಗ್ರೆಸ್ ಅಭ್ಯರ್ಥಿ ಮುನಿರತ್ನ ಅವರತ್ತ ಬೆರಳು ತೋರಿಸಿತು. ಮನೆಯ ಒಡೆತನ ಬಿಜೆಪಿಯ ಕಡೆಯವರದೆಂದು ಕಾಂಗ್ರೆಸ್ ತಿರುಗಿಸಿ ಹೇಳಿತು. ಒಂಬತ್ತು ಸಾವಿರ ಮತದಾರರ ಚೀಟಿಗಳು ಒಂದೇ ಕೋಣೆಗೆ ಬಂದದ್ದು ಹೇಗೆ, ಆ ಮತದಾರರಿಗೆ ಏನಾಯಿತು ಎಂಬ ಪ್ರಶ್ನೆಗಿಂತ ಮನೆಯೊಡೆಯರ ಪಕ್ಷ ಯಾವುದೆಂಬ ಪ್ರಶ್ನೆಗೆ ಹೆಚ್ಚು ಬಿಸಿ ಬಂತು. ಮತದಾನ ಮೇ 28ಕ್ಕೆ ಮುಂದೂಡಿ, ಮುನಿರತ್ನ ಗೆದ್ದರು. ಸೋತ ಬಿಜೆಪಿ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು.

ಮರುವರ್ಷ ಸಮ್ಮಿಶ್ರ ಸರಕಾರವನ್ನು ಉರುಳಿಸಿ ಅನರ್ಹರಾದ ಹದಿನೇಳು ಶಾಸಕರಲ್ಲಿ ಮುನಿರತ್ನ ಒಬ್ಬರು. ಉಳಿದ ಹೆಚ್ಚಿನ ಕ್ಷೇತ್ರಗಳಿಗೆ 2019ರ ಡಿಸೆಂಬರಿನಲ್ಲಿ ಉಪಚುನಾವಣೆ ನಡೆಯಿತು. ರಾಜರಾಜೇಶ್ವರಿ ನಗರಕ್ಕೆ ನಡೆಯಲಿಲ್ಲ, ಬಿಜೆಪಿಯ ಅಭ್ಯರ್ಥಿಯೇ ಹೂಡಿದ್ದ ದಾವೆ ಬಾಕಿಯಿತ್ತು. ತನ್ನನ್ನು ವಿಜೇತನೆಂದು ಘೋಷಿಸಬೇಕೆಂಬ ಅವರ ಕೋರಿಕೆಯನ್ನು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಅದರ ಬೆನ್ನಿಗೇ ಬಿಜೆಪಿ ಟಿಕೆಟ್ ಕೊಟ್ಟದ್ದು ಮುನಿರತ್ನ ಅವರಿಗೆ. ನವೆಂಬರಿನಲ್ಲಿ ಅವರು 50,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಎರಡು ವರ್ಷ ಹಿಂದೆ ನಕಲಿ ಚೀಟಿಯ ವಿರುದ್ಧ ಬೀದಿಗಿಳಿದ ಕಾರ್ಯಕರ್ತರು ಈಗ ಅವರ ಕರಪತ್ರ ಹಂಚಿದರು. ಎರಡು ವರ್ಷ ಹಿಂದೆ ಅದೆಲ್ಲ ಷಡ್ಯಂತ್ರವೆಂದವರು ಈಗ ಅದೇ ಚೀಟಿಗಳನ್ನು ನೆನಪಿಸಿದರು. 9,746 ಚೀಟಿಗಳು ಮಾತ್ರ ಎಲ್ಲಿದ್ದವೋ ಅಲ್ಲೇ ಇದ್ದವು.

ಇದು ಭಾರತೀಯರಿಗೆ ಮಾತ್ರ ಅಂಟಿದ ರೋಗವಲ್ಲ. ಅಮೆರಿಕದಲ್ಲಿ ನೆಲೆಸಿದ ಓದುಗರು ಅದನ್ನು ಹತ್ತಿರದಿಂದ ಕಂಡಿದ್ದಾರೆ. ಪ್ಯೂ ಸಂಶೋಧನಾ ಕೇಂದ್ರ ಪ್ರತಿ ಚುನಾವಣೆಯ ನಂತರ ಮತದಾರರನ್ನು ಕೇಳುತ್ತದೆ: ಚುನಾವಣೆ ಸರಿಯಾಗಿ ನಡೆಯಿತೇ? 2020ರಲ್ಲಿ ಟ್ರಂಪ್‌ಗೆ ಮತ ಹಾಕಿದವರಲ್ಲಿ ಹೌದೆಂದವರು ಶೇ. 21. 2024ರಲ್ಲಿ ಟ್ರಂಪ್‌ಗೆ ಮತ ಹಾಕಿದವರಲ್ಲಿ ಹೌದೆಂದವರು ಶೇ. 93. ನಾಲ್ಕು ವರ್ಷಗಳಲ್ಲಿ ಮತಗಟ್ಟೆಗಳು, ಯಂತ್ರಗಳು, ಕೌಂಟಿಗಳ ಸಿಬ್ಬಂದಿ ಅಂಥದೇನೂ ಬದಲಾಗಿರಲಿಲ್ಲ, ಫಲಿತಾಂಶ ಬದಲಾಗಿತ್ತು. ಎದುರು ಪಕ್ಷದವರಲ್ಲೂ ಇಳಿಕೆ ಕಂಡಿತು, 2020ರ ಶೇ. 94ರಿಂದ 2024ರ ಶೇ. 84ಕ್ಕೆ. ಎರಡೂ ಕಡೆ ಸೋತವರ ಕಣ್ಣು ಮಂಜಾಗುತ್ತದೆ ನಿಜ, ಆದರೆ ಎರಡೂ ಮಂಜು ಒಂದೇ ದಟ್ಟಣೆಯದಲ್ಲ. ಡೆಮಾಕ್ರಟಿಕ್ ಸದಸ್ಯರು 2005ರಲ್ಲಿ ಒಹಾಯೊದ ಮತಗಳಿಗೆ ಸಂಸತ್ತಿನಲ್ಲಿ ಆಕ್ಷೇಪ ಎತ್ತಿದರು. ಅವರ ಅಭ್ಯರ್ಥಿ ಅದಾಗಲೇ ಸೋಲನ್ನು ಒಪ್ಪಿಕೊಂಡಿದ್ದರು. 2020ರಲ್ಲಿ ಸೋತ ಅಭ್ಯರ್ಥಿಯ ಕಡೆಯವರು ಅರುವತ್ತಕ್ಕೂ ಹೆಚ್ಚು ದಾವೆಗಳನ್ನು ಹೂಡಿ ಹೆಚ್ಚುಕಡಿಮೆ ಎಲ್ಲವನ್ನೂ ಕಳೆದುಕೊಂಡ ನಂತರವೂ, 2021ರ ಜನವರಿ 6ರಂದು ಗುಂಪೊಂದು ಸಂಸತ್ ಭವನಕ್ಕೆ ನುಗ್ಗಿತು. ಇವೆರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಸಮ ಎನ್ನುವವನ ತಕ್ಕಡಿಯೂ ಸುಳ್ಳು ತಕ್ಕಡಿಯೇ.

ಅದೇ ಚುನಾವಣೆಯಲ್ಲಿ ಜಾರ್ಜಿಯಾ ರಾಜ್ಯದ ಚುನಾವಣಾ ವ್ಯವಸ್ಥೆಯ ಹೊಣೆ ಹೊತ್ತಿದ್ದವರು ಬ್ರಾಡ್ ರಾಫೆನ್ಸ್‌ಪರ್ಗರ್. ರಿಪಬ್ಲಿಕನ್ ಪಕ್ಷದವರು, ಟ್ರಂಪ್‌ಗೇ ಮತ ಹಾಕಿದ್ದಾಗಿ ಬಹಿರಂಗವಾಗಿ ಹೇಳಿದವರು. ಅವರ ಅಭ್ಯರ್ಥಿ 11,779 ಮತಗಳಿಂದ ಸೋತಿದ್ದರು. ಐವತ್ತು ಲಕ್ಷದಷ್ಟು ಮತಪತ್ರಗಳನ್ನು ಕೈಯಿಂದ ಮತ್ತೆ ಎಣಿಸಲಾಯಿತು. ಸೋಲು ಸೋಲಾಗಿಯೇ ಉಳಿಯಿತು. 2021ರ ಜನವರಿ 2ರಂದು ಅಧ್ಯಕ್ಷರೇ ಫೋನ್ ಮಾಡಿ, ಕೊರತೆ ನೀಗುವಷ್ಟು ಮತಗಳನ್ನು ಹುಡುಕಬೇಕೆಂದಾಗ ಅವರು ಒಪ್ಪಲಿಲ್ಲ. ಬೆದರಿಕೆಗಳು ಬಂದವು. 2022ರಲ್ಲಿ ಅವರ ಪಕ್ಷದವರೇ ಅವರನ್ನು ಸೋಲಿಸಲು ನಿಂತರು; ಜನ ಮತ್ತೆ ಅವರನ್ನೇ ಆರಿಸಿದರು.

ಕರ್ನಾಟಕದಲ್ಲಿ ಅಂಥದೊಂದು ಮಾತು ಸಚಿವರ ಬಾಯಿಂದ ಹೊರಟಾಗ ಏನಾಯಿತು? 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಬೆಂಗಳೂರಿನ ಮಹದೇವಪುರ ಕ್ಷೇತ್ರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಕಳವಾಗಿದೆಯೆಂದು ಆರೋಪಿಸಿದರು. ಪಟ್ಟಿ ತಯಾರಾದಾಗ ರಾಜ್ಯದಲ್ಲಿ ನಮ್ಮದೇ ಸರಕಾರವಿತ್ತಲ್ಲ, ಆಗ ಕಣ್ಣು ಮುಚ್ಚಿದ್ದೇಕೆ ಎಂಬರ್ಥದ ಮಾತನ್ನು ಸಹಕಾರ ಸಚಿವ ಕೆ.ಎನ್. ರಾಜಣ್ಣ ಆಡಿದರು. ಆಗಸ್ಟ್ 11ರಂದು ಅವರು ಸಂಪುಟದಲ್ಲಿರಲಿಲ್ಲ. ಅವರ ಉದ್ದೇಶ ಏನಿತ್ತೋ, ಪಕ್ಷದೊಳಗಿನ ಲೆಕ್ಕಾಚಾರಗಳೇನಿದ್ದವೋ, ಅದು ಬೇರೆ ಮಾತು. ಪ್ರಶ್ನೆಗೆ ಉತ್ತರದ ಬದಲು ಪ್ರಶ್ನೆ ಕೇಳಿದವರ ನಿರ್ಗಮನ ಬಂತು. ಇತ್ತ ಬಿಜೆಪಿಯ ಬೆಂಬಲಿಗರು ರಾಜಣ್ಣ ಅವರನ್ನು ಸತ್ಯವಂತರೆಂದು ಕೊಂಡಾಡಿದರು. ಅದೇ ಬೆಂಬಲಿಗರು ಕಲಬುರಗಿ ಜಿಲ್ಲೆಯ ಆಳಂದದ ಮಾತು ಬಂದಾಗ ಕಿವಿ ಮುಚ್ಚಿಕೊಂಡರು. 2023ರ ಚುನಾವಣೆಗೆ ಮುನ್ನ ಅಲ್ಲಿ ಮತದಾರರ ಹೆಸರು ಅಳಿಸಲು ಅಂತರ್ಜಾಲದ ಮೂಲಕ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ನೈಜವೆಂದು ಕಂಡದ್ದು 24. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಅದರ ಸುಳಿವಿರಲಿಲ್ಲ. ಅದಕ್ಕೆ ಬಂದ ಉತ್ತರ: ಆಳಂದದಲ್ಲಿ ಗೆದ್ದವರು ಕಾಂಗ್ರೆಸ್ಸಿನವರೇ ಅಲ್ಲವೇ? ಕನ್ನ ಹಾಕಲು ಬಂದವನು ಬರಿಗೈಯಲ್ಲಿ ಹೋದರೆ ಗೋಡೆಯ ತೂತು ಮುಚ್ಚಿಹೋಗುತ್ತದೆಯೇ?

ಮತಯಂತ್ರದ ಚರಿತ್ರೆಯಲ್ಲೂ ಇದೇ ರಾಗ. 2001ರಲ್ಲಿ ತಮಿಳುನಾಡಿನ ಚುನಾವಣೆಗೆ ಯಂತ್ರಗಳು ಬಂದಾಗ ಮದ್ರಾಸ್ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದ್ದು ಅಣ್ಣಾಡಿಎಂಕೆ; ಅರ್ಜಿ ವಜಾ ಆಯಿತು, ಮರುತಿಂಗಳು ಅದೇ ಯಂತ್ರಗಳಿಂದ ಅದು ಭರ್ಜರಿಯಾಗಿ ಗೆದ್ದಿತು, ಅನುಮಾನ ಆವಿಯಾಯಿತು. 2009ರ ಸೋಲಿನ ನಂತರ ಯಂತ್ರಗಳನ್ನು ಶಂಕಿಸಿದವರು ಬಿಜೆಪಿಯ ಹಿರಿಯರು; ಮರುವರ್ಷ ಆ ಪಕ್ಷದ ಜಿ.ವಿ.ಎಲ್. ನರಸಿಂಹ ರಾವ್ ಬರೆದ ಪುಸ್ತಕಕ್ಕೆ ಮುನ್ನುಡಿ ಎಲ್.ಕೆ. ಅಡ್ವಾಣಿಯವರದು. 2014ರ ನಂತರ ಶಂಕೆಯ ಗುತ್ತಿಗೆ ಕಾಂಗ್ರೆಸ್ಸಿಗೆ ವರ್ಗವಾಯಿತು. ಕರ್ನಾಟಕ, ತೆಲಂಗಾಣಗಳನ್ನು ಗೆದ್ದ ದಿನಗಳಲ್ಲಿ ಮಾತ್ರ ಅದಕ್ಕೆ ರಜೆ. ಇಷ್ಟರ ನಡುವೆ ಒಂದು ಒಳ್ಳೆಯ ಕೆಲಸವೂ ಆಯಿತು. ಸುಬ್ರಮಣಿಯನ್ ಸ್ವಾಮಿ ಹೂಡಿದ ದಾವೆಯಲ್ಲಿ 2013ರ ಅಕ್ಟೋಬರ್ 8ರಂದು ಸುಪ್ರೀಂ ಕೋರ್ಟು ಕಾಗದದ ದಾಖಲೆ ಅನಿವಾರ್ಯವೆಂದಿತು. ಇಂದು ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡುವ ಪದ್ಧತಿ ಬಂದಿರುವುದು ಅಂಥ ಹಠದ ಫಲ. ಗೆದ್ದರೂ ಸೋತರೂ ಅದೇ ಪ್ರಶ್ನೆಯನ್ನು ಕೇಳುವವನಿಂದ ವ್ಯವಸ್ಥೆ ಸುಧಾರಿಸುತ್ತದೆ. ಸೋತಾಗ ಮಾತ್ರ ಕೇಳುವವನಿಂದ ಸದ್ದು ಹೆಚ್ಚುತ್ತದೆ.

ಈ ಹಂತದಲ್ಲಿ ಸಮಾಜದ ಹಿರಿಯರು ಎತ್ತುವ ಆಕ್ಷೇಪ ಒಂದಿದೆ. ಪ್ರತಿಯೊಂದು ಪಕ್ಷಕ್ಕೂ ಅದರದೇ ದೃಷ್ಟಿ, ಅನೇಕಾಂತವನ್ನು ನಂಬಿದವರು ಯಾರನ್ನೂ ತೆಗಳಬಾರದು ಎಂಬುದು. ಅನೇಕಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ವಸ್ತುವಿನ ಅನೇಕ ಮುಖಗಳನ್ನು ನೋಡು ಎಂದ ದರ್ಶನವು ನೋಡಿದ ಮೇಲೂ ಬಾಯಿ ಮುಚ್ಚಿಕೊಂಡಿರು ಎನ್ನಲಿಲ್ಲ. ಸ್ಯಾತ್ ಎಂಬ ಪದವು ಯಾವ ಅಪೇಕ್ಷೆಯಿಂದ ಈ ಮಾತು ಸತ್ಯವೆಂದು ನಿಖರವಾಗಿ ಹೇಳುವ ಹೊಣೆಯನ್ನು ಹೊರಿಸುತ್ತದೆ. ಇರಬಹುದು, ಇಲ್ಲದಿರಬಹುದು ಎಂದು ಜಾರಿಕೊಳ್ಳುವ ಸೌಲಭ್ಯವನ್ನಲ್ಲ. ನೋಟಿನ ಕಂತೆ ಸಿಕ್ಕಿದ್ದರೆ ಸಿಕ್ಕಿದೆ. ಎರಡನೆಯ ತಪ್ಪಿಸಿಕೊಳ್ಳುವಿಕೆ ಇನ್ನೂ ಸುಲಭದ್ದು: ಎಲ್ಲರೂ ಅಷ್ಟೇ. ಈ ಮಾತನ್ನಾಡುವವರನ್ನು ಗಮನಿಸಿದರೆ, ಅವರು ಅದನ್ನು ತಮ್ಮ ಪಕ್ಷದ ಹಗರಣ ಹೊರಬಿದ್ದ ದಿನವೇ ಆಡುತ್ತಾರೆ. ಎದುರು ಪಕ್ಷದ ಹಗರಣ ಹೊರಬಿದ್ದ ದಿನ ಎಲ್ಲರೂ ಅಷ್ಟೇ ಎಂದವರನ್ನು ಹುಡುಕಿ ತರುವುದು ಕಷ್ಟ.

ಮತದಾರರ ಪಟ್ಟಿಯ ವಿಷಯ ಇದನ್ನೆಲ್ಲ ಮನೆಯೊಳಕ್ಕೇ ತರುತ್ತದೆ. ವಿಶೇಷ ತೀವ್ರ ಪರಿಷ್ಕರಣೆಯ ನಂತರ 2025ರ ಡಿಸೆಂಬರ್ 19ರಂದು ಪ್ರಕಟವಾದ ತಮಿಳುನಾಡಿನ ಕರಡು ಪಟ್ಟಿಯಿಂದ 97 ಲಕ್ಷಕ್ಕೂ ಹೆಚ್ಚು ಹೆಸರುಗಳು ಬಿದ್ದುಹೋದವು. ಚೆನ್ನೈ ಜಿಲ್ಲೆಯೊಂದರಲ್ಲೇ 14 ಲಕ್ಷಕ್ಕೂ ಹೆಚ್ಚು. ಡಿಎಂಕೆ ಪರಿಷ್ಕರಣೆಯನ್ನು ವಿರೋಧಿಸಿ ಸುಪ್ರೀಂ ಕೋರ್ಟಿಗೆ ಹೋಯಿತು, ಅಣ್ಣಾಡಿಎಂಕೆ ಸಮರ್ಥಿಸಿ ಹೋಯಿತು. 2017ರಲ್ಲಿ ಇದು ತಲೆಕೆಳಗಾಗಿತ್ತು: ರಾಧಾಕೃಷ್ಣನ್ ನಗರದ ಪಟ್ಟಿಯಲ್ಲಿ ಬೋಗಸ್ ಹೆಸರುಗಳಿವೆಯೆಂದು ಹೈಕೋರ್ಟಿಗೆ ಹೋಗಿದ್ದು ಡಿಎಂಕೆ. ಸತ್ತವರ, ಊರು ಬಿಟ್ಟವರ ಹೆಸರು ತೆಗೆಯುವುದು ನ್ಯಾಯ. ಬದುಕಿದ್ದು ಅದೇ ಓಣಿಯಲ್ಲಿರುವವರ ಹೆಸರನ್ನು ತಿಂಗಳೊಪ್ಪತ್ತಿನ ಅವಸರದಲ್ಲಿ ಕೆಡವುವುದು ಅನ್ಯಾಯ. ಯಾವ ಓಣಿಯಲ್ಲಿ ಎಷ್ಟು ನ್ಯಾಯ, ಎಷ್ಟು ಅನ್ಯಾಯ ಆಗಿದೆಯೆಂಬುದನ್ನು ಪಟ್ಟಿ ಹಿಡಿದು ಮನೆಮನೆ ಸುತ್ತಿಯೇ ತಿಳಿಯಬೇಕು. ಪಕ್ಷದ ಬಣ್ಣ ನೋಡಿ ತಿಳಿಯಲಾಗದು.

ಹೊರನಾಡಿನ ಕನ್ನಡ ಜೈನ ಕುಟುಂಬಗಳಿಗೆ ಇಲ್ಲಿಯೇ ಕಹಿ ಮಾತೊಂದಿದೆ. ಪೆರಂಬೂರಿನಲ್ಲೋ ಮುಂಬಯಿಯಲ್ಲೋ ಪುಣೆಯಲ್ಲೋ ಇಪ್ಪತ್ತು ವರ್ಷಗಳಿಂದ ನೆಲೆಸಿ, ಅಲ್ಲಿಯ ಪಟ್ಟಿಯಲ್ಲಿ ಹೆಸರು ಸೇರಿಸಿ, ಊರಿನ ಪಟ್ಟಿಯಲ್ಲೂ ಹೆಸರನ್ನು ಹಾಗೆಯೇ ಉಳಿಸಿಕೊಂಡ ಮನೆಗಳು ಒಂದೆರಡಲ್ಲ. ಜಮೀನಿನ ಪತ್ರಕ್ಕೆ ಬೇಕಾಗಬಹುದು, ಪಂಚಾಯಿತಿ ಚುನಾವಣೆಗೆ ಚಿಕ್ಕಪ್ಪನವರು ಕರೆಯುತ್ತಾರೆ, ಬಸದಿಯ ಜಾತ್ರೆಗೆ ಹೇಗೂ ಹೋಗುತ್ತೇವೆ ಎಂಬ ಕಾರಣಗಳು ಸಿದ್ಧವಿರುತ್ತವೆ. ಮಹದೇವಪುರದ ಎರಡೆರಡು ನೋಂದಣಿಗಳ ಬಗೆಗೂ, ಗಡಿ ದಾಟಿ ಬಂದವರ ನಕಲಿ ಮತಗಳ ಬಗೆಗೂ ರಾತ್ರಿಯಿಡೀ ಸಂದೇಶ ಕಳುಹಿಸುವ ಬೆರಳುಗಳು ಈ ಮನೆಗಳವೂ ಹೌದು. ಎದುರು ಪಕ್ಷದ ಮತದಾರನ ಹೆಸರು ಎರಡು ಕಡೆಯಿದ್ದರೆ ಮತಗಳ್ಳತನ, ಅಣ್ಣನ ಹೆಸರು ಎರಡು ಕಡೆಯಿದ್ದರೆ ಊರಿನ ಮೇಲಿನ ಪ್ರೀತಿ.

ಕಾನೂನಿಗೆ ಈ ಪ್ರೀತಿ ಅರ್ಥವಾಗುವುದಿಲ್ಲ. 1950ರ ಜನಪ್ರಾತಿನಿಧ್ಯ ಕಾಯಿದೆಯ 17 ಮತ್ತು 18ನೆಯ ಕಲಮುಗಳ ಪ್ರಕಾರ ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರಕೂಡದು, ಒಂದೇ ಕ್ಷೇತ್ರದಲ್ಲಿ ಎರಡು ಬಾರಿಯೂ ಇರಕೂಡದು. ಸುಳ್ಳು ಘೋಷಣೆ ಕೊಟ್ಟರೆ 31ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆ. ಮತಕ್ಕಾಗಿ ಹಣ ಪಡೆದವನೂ ಕೊಟ್ಟವನಷ್ಟೇ ಅಪರಾಧಿ. ಹಳೆಯ ದಂಡಸಂಹಿತೆಯಲ್ಲಿದ್ದ ಈ ವಿಧಿ ಭಾರತೀಯ ನ್ಯಾಯ ಸಂಹಿತೆಯ 170ನೆಯ ಕಲಮಿನಲ್ಲಿ ಮುಂದುವರಿದಿದೆ. ಎಲ್ಲಿ ವಾಸವೋ ಅಲ್ಲಿಗೆ ಹೆಸರು ವರ್ಗಾಯಿಸಲು ನಮೂನೆ 8, ಬೇಡದ ಕಡೆಯ ಹೆಸರು ಅಳಿಸಲು ನಮೂನೆ 7. ಎರಡಕ್ಕೂ ಶುಲ್ಕವಿಲ್ಲ, ಅಂತರ್ಜಾಲದಲ್ಲೇ ಸಲ್ಲಿಸಬಹುದು, ಮತಗಟ್ಟೆಯ ಅಧಿಕಾರಿಗೆ ಕೈಯಲ್ಲೂ ಕೊಡಬಹುದು. ಮಹದೇವಪುರದ ಸಂದೇಶವನ್ನು ಮುಂದಿನ ಬಳಗಕ್ಕೆ ದಾಟಿಸುವ ಮೊದಲು ಇವೆರಡರಲ್ಲಿ ಯಾವುದು ತನ್ನ ಮನೆಗೆ ಬೇಕೆಂದು ಆ ಮನೆಯ ಯಜಮಾನರು ನೋಡಲಿ.